ಖಾಲಿ ಬಯಲೆಂಬ ಸುಳ್ಳು

ಸೆರೆಂಗೆಟಿಗೆ ಹೊರಟವರ ಪ್ರಶ್ನೆಗಳು ನನಗೆ ಬಾಯಿಪಾಠವಾಗಿವೆ. ವಿಲ್ಡೆಬೀಸ್ಟ್ ಹಿಂಡು ಮಾರಾ ನದಿ ದಾಟುವುದು ಯಾವ ತಿಂಗಳು? ಯಾವ ಲೆನ್ಸ್ ಒಯ್ಯಬೇಕು? ಸಸ್ಯಾಹಾರ ಸಿಗುತ್ತದೆಯೇ? ಎಲ್ಲವೂ ಕೇಳಬೇಕಾದವೇ. ಆದರೆ ಆ ಬಯಲು ಯಾರದಾಗಿತ್ತು ಎಂದು ಮಾತ್ರ ಯಾರೂ ಕೇಳುವುದಿಲ್ಲ. ನನ್ನ ತಕರಾರು ಇರುವುದು ಈ ಮೌನದ ಬಗ್ಗೆ.

ಸೆರೆಂಗೆಟಿ ಎಂಬ ಹೆಸರು ಮಸಾಯಿಗಳ ಮಾತಿನಿಂದ ಬಂದದ್ದು. ಕೊನೆಯಿಲ್ಲದ ಬಯಲು ಎಂದು ಅರ್ಥ. ಹೆಸರು ಉಳಿಯಿತು, ಹೆಸರಿಟ್ಟವರಿಗೆ ಅಲ್ಲಿ ಜಾಗ ಉಳಿಯಲಿಲ್ಲ. 1951ರಲ್ಲಿ ಬ್ರಿಟಿಷ್ ಆಡಳಿತ ಅದನ್ನು ರಾಷ್ಟ್ರೀಯ ಉದ್ಯಾನ ಮಾಡಿತು. 1959ರಲ್ಲಿ ಮಸಾಯಿಗಳನ್ನು ದನಕರುಗಳ ಸಮೇತ ಎಬ್ಬಿಸಿ, ಪಕ್ಕದ ಗೊರೊಂಗೊರೊದಲ್ಲಿ ಇರಬಹುದೆಂದು ಮಾತು ಕೊಟ್ಟಿತು. 2022ರಿಂದ ಟಾಂಜಾನಿಯಾ ಸರ್ಕಾರ ಅವರನ್ನು ಅಲ್ಲಿಂದಲೂ ದೂರದ ಮ್ಸೊಮೆರಾ ಎಂಬಲ್ಲಿಗೆ ಸಾಗಿಸುತ್ತಿದೆ. ಇದು ಸ್ವಇಚ್ಛೆಯ ಸ್ಥಳಾಂತರ ಎಂಬುದು ಸರ್ಕಾರದ ಮಾತು. ಸ್ವಇಚ್ಛೆಯಾಗಿದ್ದರೆ 2024ರ ಆಗಸ್ಟಿನಲ್ಲಿ ಸಾವಿರಾರು ಮಸಾಯಿಗಳು ರಸ್ತೆಗಿಳಿದದ್ದೇಕೆ?

‘ಜನರನ್ನು ಕಳಿಸದಿದ್ದರೆ ಪ್ರಾಣಿಗಳು ಉಳಿಯುತ್ತಿದ್ದವೇ?’ ಎನ್ನುವವರಿದ್ದಾರೆ. ಉತ್ತರ ಅವರ ಪ್ರವಾಸದ ದಾರಿಯಲ್ಲೇ ಇದೆ. ಆರು ದಶಕಗಳಿಂದ ದನಗಾಹಿಗಳೂ ವನ್ಯಪ್ರಾಣಿಗಳೂ ಗೊರೊಂಗೊರೊ ಸಂರಕ್ಷಣಾ ಪ್ರದೇಶವನ್ನು ಹಂಚಿಕೊಂಡಿದ್ದಾರೆ. ಪ್ರವಾಸಿಗರು ಸಿಂಹ, ಘೇಂಡಾಮೃಗ ನೋಡಲು ಇಂದಿಗೂ ಅಲ್ಲಿಗೇ ಹೋಗುತ್ತಾರೆ. ದನ ಮೇಯಿಸುವವನು ಕಾಡಿಗೆ ಭಾರ ಎನ್ನುವ ಅದೇ ದೇಶದಲ್ಲಿ, ಹಣ ಕೊಟ್ಟವನಿಗೆ ಬೇಟೆಯ ಪರವಾನಗಿಯೂ ಸಿಗುತ್ತದೆ. ಹಾಗಾದರೆ ಭಾರ ಯಾರು?

ಪ್ಯಾಕೇಜಿನಲ್ಲಿ ಮಸಾಯಿಗಳು ಕಾಣಿಸಿಕೊಳ್ಳುವುದು ಹೆಚ್ಚಾಗಿ ಒಂದೇ ಕಡೆ: ಕೆಂಪು ಬಟ್ಟೆಯುಟ್ಟು ಎತ್ತರಕ್ಕೆ ಜಿಗಿದು ಕುಣಿಯುವ ‘ಸಾಂಸ್ಕೃತಿಕ ಭೇಟಿ’ಯಲ್ಲಿ. ನೆಲದ ಒಡೆಯರು ಅರ್ಧ ಗಂಟೆಯ ಮನರಂಜನೆಯಾಗಿದ್ದಾರೆ. ನಾಗರಹೊಳೆಯಿಂದ ಜೇನುಕುರುಬರನ್ನು ಎಬ್ಬಿಸಿದ ಕಥೆ ಬಲ್ಲ ನಮಗಾದರೂ ಇದು ಅರ್ಥವಾಗಬೇಕಿತ್ತು.

ಹೋಗಬೇಡಿ ಎಂದು ನಾನು ಹೇಳುತ್ತಿಲ್ಲ. ಕಣ್ಣು ತೆರೆದು ಹೋಗಿ ಎನ್ನುತ್ತಿದ್ದೇನೆ. ಗಡಿಯಾಚೆ ಕೀನ್ಯಾದಲ್ಲಿ, ಮಸಾಯಿ ಮಾರಾದ ಸುತ್ತ, ಮಸಾಯಿ ಕುಟುಂಬಗಳು ತಮ್ಮ ಜಮೀನನ್ನೇ ಗುತ್ತಿಗೆಗೆ ಕೊಟ್ಟು ನಡೆಸುವ ಕನ್ಸರ್ವೆನ್ಸಿಗಳಿವೆ. ಅವುಗಳಲ್ಲೂ ಕುಂದುಕೊರತೆಗಳಿವೆ, ಆದರೆ ಅಲ್ಲಿ ನೆಲದ ಬಾಡಿಗೆ ನೆಲದವರಿಗೆ ಸಲ್ಲುತ್ತದೆ. ಬುಕಿಂಗ್‌ಗೆ ಮುನ್ನ ಏಜೆಂಟನಿಗೆ ಎರಡೇ ಪ್ರಶ್ನೆ ಹಾಕಿ: ನಾವು ತಂಗುವ ಜಾಗ ಯಾರದು? ನಮ್ಮ ಹಣದಲ್ಲಿ ಅವರಿಗೆ ಸಲ್ಲುವುದೆಷ್ಟು? ಆತ ತಡವರಿಸಿದರೆ ಬೇರೆ ಏಜೆಂಟನನ್ನು ಹುಡುಕಿ. ಲಕ್ಷಗಟ್ಟಲೆ ಖರ್ಚು ಮಾಡುವವರು ಇಷ್ಟನ್ನೂ ಕೇಳದಿದ್ದರೆ, ಒಕ್ಕಲೆಬ್ಬಿಸಿದವರ ಕೆಲಸಕ್ಕೆ ತಾವೂ ಕೈಜೋಡಿಸಿದಂತೆ.