ಯಾವ ಆಟ ಬುದ್ಧಿವಂತರ ಆಟ?

ದೊಡ್ಡಬಳ್ಳಾಪುರದ ನೆರೆಯ ಬಾಶೆಟ್ಟಿಹಳ್ಳಿಯು ಕೈಗಾರಿಕೆಗಳಿಂದ ಹೆಸರಾದ ಊರು. ಕಾರ್ಖಾನೆಗಳ ಪಾಳಿ ಬದಲಾಗುವ ಹೊತ್ತಿನಲ್ಲಿ ಅಲ್ಲಿಯ ಟೀ ಅಂಗಡಿಗಳ ಮುಂದೆ ತರುಣರು ಮೊಬೈಲ್ ಫೋನಿನ ಮೇಲೆ ಬಾಗಿ ಕುಳಿತು ಆಡುವುದನ್ನು ಯಾರಾದರೂ ಕಾಣಬಹುದು. ಗುಂಡು ಹಾರಿಸುವ ಆಟ, ಕಾರೋಟದ ಆಟ, ಕ್ರಿಕೆಟ್ ಆಟ, ಇವೇ ಹೆಚ್ಚು. ಇದನ್ನು ಕಂಡ ಹಿರಿಯರು 'ಹೊತ್ತು ಕಳೆಯುವ ಪೋಲಿ ಆಟ' ಎಂದು ಮುಖ ತಿರುಗಿಸುವರು. ಅದೇ ಸಂಜೆ ಬೆಂಗಳೂರಿನ ವಿದ್ಯಾರ್ಥಿನಿಲಯವೊಂದರಲ್ಲಿ ಇನ್ನೊಬ್ಬ ತರುಣನು ಲ್ಯಾಪ್‌ಟಾಪಿನ ಮುಂದೆ ಕುಳಿತು ಸಾಮ್ರಾಜ್ಯ ಕಟ್ಟುವ ಆಟವನ್ನೋ, ನೂರು ಪುಟಗಳ ನಿಯಮಗಳುಳ್ಳ ಪಾತ್ರಧಾರಣೆಯ ಆಟವನ್ನೋ ಆಡುತ್ತಿರುತ್ತಾನೆ. ಅವನನ್ನು ಗೆಳೆಯರು 'ಗೀಕ್' ಎನ್ನುವರು. ನಮ್ಮ ಕಾಲೇಜುಗಳ 'ಕುಡುಮಿ' ಎಂಬ ಮಾತಿನಂತೆ ಇದರಲ್ಲಿಯೂ ಅರ್ಧ ಹಾಸ್ಯ, ಅರ್ಧ ಗೌರವ ಬೆರೆತಿವೆ.

ಇಬ್ಬರೂ ಆಡುತ್ತಿರುವುದು ವಿಡಿಯೋ ಆಟವನ್ನೇ. ಹಾಗಿರುವಲ್ಲಿ ಒಂದು ಬಗೆಯ ಆಟಕ್ಕೆ ಬುದ್ಧಿವಂತರ ಆಟವೆಂಬ ಮುದ್ರೆ, ಇನ್ನೊಂದಕ್ಕೆ ಪೋಲಿಗಳ ಆಟವೆಂಬ ಮುದ್ರೆ ಬೀಳುವುದೇಕೆ? ಆಟದೊಳಗೆ ಬುದ್ಧಿಗಿರುವ ಕೆಲಸವೇ ಇದಕ್ಕೆ ಕಾರಣವೆಂದು ಹಲವರು ಭಾವಿಸಿರುವರು. ನಮ್ಮ ಅಭಿಪ್ರಾಯ ಬೇರೆ. ಆಟದ ಮನೆಗೆ ಯಾವ ಬಾಗಿಲಿದೆ, ಆ ಬಾಗಿಲಿನಿಂದ ಯಾರು ಒಳಗೆ ಹೋಗಬಲ್ಲರು ಎಂಬುದೇ ಈ ಮುದ್ರೆಯನ್ನು ಹೆಚ್ಚಾಗಿ ನಿರ್ಧರಿಸುತ್ತದೆ.

ಚರಿತ್ರೆಯು ಇದಕ್ಕೆ ಸಾಕ್ಷಿಯಾಗಿದೆ. 1962ರಲ್ಲಿ ಅಮೆರಿಕದ ಮೆಸಾಚುಸೆಟ್ಸ್ ತಂತ್ರವಿಜ್ಞಾನ ಸಂಸ್ಥೆಯಲ್ಲಿ ಸ್ಟೀವ್ ರಸೆಲ್ ಮತ್ತು ಅವರ ಸಂಗಡಿಗರು 'ಸ್ಪೇಸ್‌ವಾರ್' ಎಂಬ ಆಟವನ್ನು ರಚಿಸಿದರು. ನಕ್ಷತ್ರವೊಂದರ ಗುರುತ್ವಕ್ಕೆ ಸಿಲುಕಿದ ಎರಡು ಆಕಾಶನೌಕೆಗಳು ಒಂದರ ಮೇಲೊಂದು ಗುಂಡು ಹಾರಿಸುವುದೇ ಆ ಆಟ. ಅದು ಓಡುತ್ತಿದ್ದ ಪಿಡಿಪಿ-1 ಎಂಬ ಕಂಪ್ಯೂಟರಿನ ಬೆಲೆ ಸುಮಾರು 1,20,000 ಡಾಲರು. ಅಂದ ಮೇಲೆ ಇಂದು ಕೀಳೆನಿಸಿರುವ ಗುಂಡಿನ ಆಟ ಹುಟ್ಟಿದ್ದೇ ವಿದ್ವಾಂಸರ ಪ್ರಯೋಗಶಾಲೆಯಲ್ಲಿ! ಮುಂದೆ 1972ರಲ್ಲಿ ಅಟಾರಿ ಸಂಸ್ಥೆಯು 'ಪಾಂಗ್' ಎಂಬ ಚೆಂಡಾಟದ ಯಂತ್ರವನ್ನು ಕ್ಯಾಲಿಫೋರ್ನಿಯದ ಪಾನಗೃಹವೊಂದರಲ್ಲಿ ಇರಿಸಿತು. ನಾಣ್ಯ ಹಾಕಿದವರೆಲ್ಲರೂ ಆಡಬಹುದಾಗಿತ್ತು. ಆಟ ಬೀದಿಗೆ ಬಂದಿತು. ಅದರೊಡನೆ ಅದರ ಪಾಂಡಿತ್ಯದ ಹೊಳಪೂ ಮಾಸಿತು.

ಪಾತ್ರಧಾರಣೆ ಮತ್ತು ಸಾಹಸದ ಆಟಗಳ ದಾರಿ ಬೇರೆಯಾಯಿತು. 1974ರಲ್ಲಿ ಅಚ್ಚಾದ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಎಂಬ ಮೇಜಿನ ಆಟಕ್ಕೆ ನಿಯಮಗಳ ಪುಸ್ತಕವೇ ಬೇಕಾಗಿತ್ತು. 1976ರ ಸುಮಾರಿಗೆ ವಿಲ್ ಕ್ರೌದರ್ ರಚಿಸಿದ ಗುಹೆಯ ಸಾಹಸದ ಆಟದಲ್ಲಿ ಚಿತ್ರವೇ ಇರಲಿಲ್ಲ. ಇಂಗ್ಲಿಷಿನ ಮಾತುಗಳನ್ನು ಓದಿ, ಇಂಗ್ಲಿಷಿನಲ್ಲಿಯೇ ಬೆರಳಚ್ಚು ಮಾಡಿ ಉತ್ತರ ಕೊಡಬೇಕಾಗಿತ್ತು. ಮೊದಮೊದಲು ದೊಡ್ಡ ಸಂಸ್ಥೆಗಳ ಕಂಪ್ಯೂಟರಿನ ಬಳಿಗೆ ಹೋಗಬಲ್ಲವರಿಗೆ ಮಾತ್ರ ಅದು ದಕ್ಕಿತು. ಬಾಗಿಲು ಕಿರಿದಾಗಿದ್ದುದರಿಂದ ಒಳಗಿದ್ದವರಿಗೆ ಗೀಕ್ ಎಂಬ ಹೆಸರು ಅಂಟಿತು. ಇಂದಿಗೂ ಆ ಬಗೆಯ ಆಟಗಳಿಗೆ ಆ ಹೆಸರು ಉಳಿದಿದೆ.

ಇದನ್ನು ನಮ್ಮ ಊರಿನ ನಿದರ್ಶನದಿಂದಲೇ ಪರೀಕ್ಷಿಸೋಣ. 2020ರಲ್ಲಿ ಪೂರ್ಣರೂಪದಲ್ಲಿ ಹೊರಬಂದ 'ಫ್ಯಾಕ್ಟೋರಿಯೊ' ಎಂಬ ಆಟವನ್ನು ಗೀಕ್ ಆಟಗಳಲ್ಲಿ ಮೊದಲ ಸಾಲಿನದೆಂದು ಎಣಿಸುವರು. ಅದಿರು ತೆಗೆದು, ಬೆಲ್ಟಿನ ಮೇಲೆ ಸಾಗಿಸಿ, ಯಂತ್ರದಿಂದ ಯಂತ್ರಕ್ಕೆ ಕಳುಹಿಸಿ, ಎಲ್ಲಿ ಸರಕು ಕಟ್ಟಿಕೊಂಡಿದೆಯೆಂದು ಕಂಡುಹಿಡಿದು ಸರಿಪಡಿಸುವುದು ಅದರ ಸಾರ. ದೊಡ್ಡಬಳ್ಳಾಪುರದ ಸೀಮೆಯ ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಲೈನ್ ಸೂಪರ್‌ವೈಸರ್ ಆಗಿರುವ ಹೆಣ್ಣುಮಗಳು ದಿನವೂ ಮಾಡುವುದು ಇದನ್ನೇ ಅಲ್ಲವೆ? ಕಾಲರ್ ಹೊಲಿಯುವ ಯಂತ್ರದ ಮುಂದೆ ತುಂಡುಗಳು ರಾಶಿ ಬಿದ್ದಾಗ, ತೋಳಿನ ಯಂತ್ರದಿಂದ ಯಾರನ್ನು ಅಲ್ಲಿಗೆ ಕೂರಿಸಿದರೆ ಸಂಜೆಯ ಲೆಕ್ಕ ಕೂಡುತ್ತದೆಯೆಂದು ಆಕೆ ಕ್ಷಣದಲ್ಲಿ ಎಣಿಸುತ್ತಾಳೆ. ಆಕೆಯನ್ನು ಯಾರೂ ಗೀಕ್ ಎಂದು ಕರೆಯರು.

ಹಿಂದಿನ ಆಟಗಳಲ್ಲಿಯೂ ಇದೇ ಕಥೆ. ಚದುರಂಗವು ಅರಮನೆಯ ಆಟವಾಗಿದ್ದು ಪಂಡಿತರ ಆಟವೆನಿಸಿತು. ಅಳಗುಳಿ ಮನೆಯು ಮನೆಯ ಹೆಂಗಸರ, ಮಕ್ಕಳ ಆಟವಾಗಿದ್ದು ಕಾಲಕ್ಷೇಪವೆನಿಸಿತು. ಆದರೆ ಅಳಗುಳಿ ಮನೆಯಲ್ಲಿ ದಾಳವಿಲ್ಲ. ಎಲ್ಲ ಕಾಯಿಗಳೂ ಇಬ್ಬರ ಕಣ್ಣೆದುರಿಗೇ ಇವೆ. ಗೆಲುವು ಎಣಿಕೆಯಿಂದ ಬರತಕ್ಕದ್ದು. ಅದರ ಆಫ್ರಿಕದ ಬಂಧುವಾದ 'ಅವಾರಿ' ಆಟವನ್ನು ಪೂರ್ತಿಯಾಗಿ ಬಿಡಿಸಲು 2002ರಲ್ಲಿ ಆಮ್‌ಸ್ಟರ್‌ಡಾಮಿನ ವಿಜ್ಞಾನಿಗಳು ಅನೇಕ ಕಂಪ್ಯೂಟರುಗಳನ್ನು ಒಟ್ಟಿಗೆ ದುಡಿಸಿ ಸುಮಾರು 88,900 ಕೋಟಿ ಸ್ಥಿತಿಗಳನ್ನು ಲೆಕ್ಕ ಹಾಕಬೇಕಾಯಿತು. ಇಬ್ಬರೂ ತಪ್ಪಿಲ್ಲದೆ ಆಡಿದರೆ ಆಟ ಸಮವಾಗುತ್ತದೆಂದು ತಿಳಿದುಬಂದಿತು. ಅಜ್ಜಿಯರು ಆಡುವ ಆಟದ ಬಂಧುವಿನಲ್ಲಿ ಇಷ್ಟು ಗಣಿತ ಅಡಗಿತ್ತು!

ಹಾಗಾದರೆ ಎಲ್ಲ ಆಟಗಳೂ ಸಮವೆ? ಹಾಗೆಂದು ನಾವು ಹೇಳುವುದಿಲ್ಲ. ಕೆಲವು ಆಟಗಳನ್ನು ಕಲಿಯಲು ವಾರಗಳು ಬೇಕು, ಕೆಲವಕ್ಕೆ ನಿಮಿಷಗಳು ಸಾಕು. ಆದರೆ ಕಲಿಯಲು ಕಠಿಣವಾದುದನ್ನು ಆಡುವವನೆಲ್ಲ ಎಲ್ಲ ವಿಷಯದಲ್ಲಿಯೂ ಬುದ್ಧಿವಂತನೆಂದು ತಿಳಿಯಲಾಗದು. 1973ರಲ್ಲಿ ವಿಲಿಯಂ ಚೇಸ್ ಮತ್ತು ಹರ್ಬರ್ಟ್ ಸೈಮನ್ ಎಂಬ ವಿದ್ವಾಂಸರು ಚದುರಂಗದ ನಿಪುಣನಿಗೂ ಹೊಸಬನಿಗೂ ಮಣೆಯನ್ನು 5 ಸೆಕೆಂಡು ತೋರಿಸಿ, ಕಾಯಿಗಳನ್ನು ನೆನಪಿನಿಂದ ಜೋಡಿಸಲು ಹೇಳಿದರು. ನಿಜವಾದ ಆಟದ ಸ್ಥಿತಿಯಲ್ಲಿ ನಿಪುಣನೇ ಬಹಳ ಮುಂದೆ. ಕಾಯಿಗಳನ್ನು ಮನಬಂದಂತೆ ಚೆಲ್ಲಿ ತೋರಿಸಿದಾಗ ಆ ಅಂತರ ಬಹುಮಟ್ಟಿಗೆ ಮಾಯವಾಯಿತು. ನಿಪುಣತೆಯು ಅಭ್ಯಾಸದ ಫಲ. ಅದು ಅಭ್ಯಾಸ ಮಾಡಿದ ಕ್ಷೇತ್ರದಲ್ಲಿಯೇ ಹೆಚ್ಚಾಗಿ ನಿಲ್ಲುತ್ತದೆ. ಇದು ಲ್ಯಾಪ್‌ಟಾಪಿನ ತರುಣನಿಗೂ, ಟೀ ಅಂಗಡಿಯ ತರುಣನಿಗೂ ಒಂದೇ ಸಮನಾಗಿ ಅನ್ವಯಿಸುತ್ತದೆ.

ಇದೆಲ್ಲ ಬರಿಯ ಆಟದ ಮಾತೆಂದು ವಿದ್ಯಾರ್ಥಿ ಮಿತ್ರರು ತಳ್ಳಿಹಾಕಬಾರದು. ಹದಿನಾರರ ವಯಸ್ಸಿನಲ್ಲಿ ನಮ್ಮ ಮೇಲೆ ಬಿದ್ದ ಮುದ್ರೆಯನ್ನು ನಾವೇ ನಂಬಿಬಿಡುತ್ತೇವೆ. 'ಕಂಪ್ಯೂಟರು ಗೀಕ್‌ಗಳಿಗೆ, ನಮ್ಮಂಥವರಿಗಲ್ಲ' ಎಂದುಕೊಂಡ ಹುಡುಗನೂ ಹುಡುಗಿಯೂ ಪಿಯುಸಿಯಲ್ಲಿ ವಿಷಯವನ್ನು ಆರಿಸುವಾಗಲೇ ಹಿಂದೆ ಸರಿಯುವರು. ಅವರ ದಾರಿಯನ್ನು ತಡೆದದ್ದು ಬುದ್ಧಿಯ ಕೊರತೆಯಲ್ಲ, ಒಂದು ಹೆಸರು.

ಆದುದರಿಂದ ಆಟದ ಹೆಸರನ್ನು ಕೇಳಿ ಆಡುವವರನ್ನು ಅಳೆಯುವುದನ್ನು ಬಿಡೋಣ. ರಾತ್ರಿಯಿಡೀ ಆಡಿರೆಂದು ನಮ್ಮ ಸಲಹೆಯಲ್ಲ. ಆಡಿದಷ್ಟು ಹೊತ್ತು ಕಣ್ಣು ತೆರೆದು ಆಡಿರಿ. ಕಾರೋಟದ ಆಟವಾಡುವವರು ತಿರುವಿನಲ್ಲಿ ಕಾರು ಜಾರುವುದೇಕೆಂದು ಕೇಳಲಿ. ಕ್ರಿಕೆಟ್ ಆಡುವವರು ಚೆಂಡಿನ ಪಥವನ್ನು ಯಂತ್ರವು ಹೇಗೆ ಎಣಿಸುತ್ತದೆಂದು ಯೋಚಿಸಲಿ. ಆ ಪ್ರಶ್ನೆಗಳಿಗೆ ಉತ್ತರ ಭೌತವಿಜ್ಞಾನದಲ್ಲಿದೆ. ಬಾಶೆಟ್ಟಿಹಳ್ಳಿಯ ಟೀ ಅಂಗಡಿಯ ಮುಂದೆ ಕುಳಿತವರಿಗೂ ಅದನ್ನು ಕೇಳುವ ಅಧಿಕಾರವಿದೆ.