ಎರಡು ಭುಜದ ಬೆಲ್ಟು

"ಮಾಸ್ಟ್ರೇ, ರೇಸಿನ ಕಾರಲ್ಲಿ ಎರಡೂ ಭುಜಕ್ಕೆ ಬೆಲ್ಟು ಉಂಟಲ್ಲ, ನಮ್ಮ ಕಾರಿಗೆ ಯಾಕಿಲ್ಲ?" ಎಂಟನೇ ತರಗತಿಯ ಹುಡುಗನ ಪ್ರಶ್ನೆ. ಜಡತ್ವದ ಪಾಠ ಅಲ್ಲಿಗೇ ನಿಂತಿತು.

ಅಮೆರಿಕದಲ್ಲಿ ಮಾಜ್ದಾ ಮಿಯಾಟಾ ಎಂಬ ಪುಟ್ಟ ಕಾರು 1989ರಿಂದ ಇದೆ. ಬಟ್ಟೆಯ ಮಾಡು, ಇಬ್ಬರಿಗಷ್ಟೇ ಜಾಗ. ಭಾನುವಾರ ರೇಸ್ ಟ್ರ್ಯಾಕಿಗೂ ಸೋಮವಾರ ಕೆಲಸಕ್ಕೂ ಅದನ್ನೇ ಓಡಿಸುವವರಿದ್ದಾರೆ. ಅವರು ಸೀಟಿನ ಹಿಂದೆ ಉಕ್ಕಿನ ಕಮಾನು, ಅಂದರೆ ರೋಲ್ ಬಾರ್ ಕೂರಿಸುತ್ತಾರೆ. ಕಾರು ಮಗುಚಿದರೆ ತಲೆ ನೆಲಕ್ಕೆ ಬಡಿಯಬಾರದಲ್ಲ! ಇದಕ್ಕೆ ನಮ್ಮ ತಕರಾರಿಲ್ಲ. ಆದರೆ ಕಮಾನಿನ ತುದಿಯಿಂದ ಮುಂಗಾಜಿನ ಚೌಕಟ್ಟಿನವರೆಗೆ ಒಂದು ಕೋಲು ಇಟ್ಟರೆ ಹೆಲ್ಮೆಟ್ ಅದರ ಕೆಳಗೇ ಇರಬೇಕು. ಎತ್ತರದವರು ಇಲ್ಲಿಯೇ ಸೋಲುತ್ತಾರೆ.

ನಮ್ಮ ತಕರಾರು ಹಾರ್ನೆಸ್ಸಿನದು. ಅದು ದೇಹವನ್ನು ನೆಟ್ಟಗೆ ಕಟ್ಟಿಹಾಕುತ್ತದೆ. ಕಮಾನಿಲ್ಲದೆ ಅದೊಂದನ್ನೇ ಹಾಕಿಸಿದರೆ, ಕಾರು ಮಗುಚಿದಾಗ ಪಕ್ಕಕ್ಕೆ ಬಾಗಲೂ ಆಗುವುದಿಲ್ಲ, ಭಾರವೆಲ್ಲ ಕುತ್ತಿಗೆಗೆ. ಭುಜದ ಪಟ್ಟಿ ಹಿಂದಕ್ಕೆ ಹೆಚ್ಚುಕಡಿಮೆ ಮಟ್ಟವಾಗಿ ಹೋಗಬೇಕು. ನೆಲಕ್ಕೆ ಎಳೆದು ಕಟ್ಟಿದರೆ ಅಪಘಾತದಲ್ಲಿ ಬೆನ್ನುಮೂಳೆಯನ್ನು ಒತ್ತುತ್ತದೆ. ತೊಡೆಗಳ ನಡುವಿನ ಪಟ್ಟಿಯೂ ಬೇಕು, ಇಲ್ಲವಾದರೆ ಸೊಂಟದ ಬೆಲ್ಟು ಹೊಟ್ಟೆಗೆ ಏರುತ್ತದೆ.

ಇಷ್ಟೆಲ್ಲ ಸರಿಮಾಡಿದರೂ ಬೀದಿಯಲ್ಲಿ ಅದು ಬೇಡ ಎಂಬುದೇ ನಮ್ಮ ಅಭಿಪ್ರಾಯ. ಬಿಗಿದು ಕೂತರೆ ತಿರುವಿನಲ್ಲಿ ಬಗ್ಗಿ ನೋಡಲಾಗದು, ಸಡಿಲ ಬಿಟ್ಟರೆ ಪ್ರಯೋಜನವಿಲ್ಲ. ಮೇಲಾಗಿ ಹೆಲ್ಮೆಟ್ ಇಲ್ಲದ ತಲೆಯ ಹಿಂದೆಯೇ ಉಕ್ಕು! ಕಮಾನಿಗೆ ಗಟ್ಟಿ ಫೋಮ್ ಸುತ್ತಲೇಬೇಕು. ಬೀದಿಗೆ ಕಂಪೆನಿ ಕೊಟ್ಟ ಬೆಲ್ಟೇ ಸಾಕು. ವೋಲ್ವೋದ ನಿಲ್ಸ್ ಬೋಹ್ಲಿನ್ 1959ರಲ್ಲಿ ತಂದ ಮೂರು ಬಿಂದುಗಳ ಬೆಲ್ಟಿನ ವಂಶವೇ ಅದು. ಏರ್‌ಬ್ಯಾಗ್ ಹೊಂದಿಸಿರುವುದೂ ಅದರ ಜೊತೆಗೇ.

ಹುಡುಗನಿಗೆ ಇಷ್ಟು ಹೇಳಿದೆವು. ಅವನ ಕಣ್ಣು ಇನ್ನೂ ಆ ಎರಡು ಬೆಲ್ಟಿನ ಮೇಲೆಯೇ.