ಬೆಟ್ಟದ ಚಳಿಗೆ ಹೀಟರ್ ಬೇಡ, ಕೆಂಡವಂತೂ ಬೇಡವೇ ಬೇಡ

ಡಿಸೆಂಬರ್ ಬಂತೆಂದರೆ ಊರಿನಿಂದ, ಅಂದರೆ ಮಂಗಳೂರು ಕಡೆಯಿಂದ, ಯಾರೇ ಫೋನ್ ಮಾಡಿದರೂ ಕೊನೆಗೆ ಕೇಳುವ ಪ್ರಶ್ನೆ ಒಂದೇ: ‘‘ಅಲ್ಲಿ ಚಳಿಗೆ ಎಂತ ಮಾಡ್ತೀರಿ? ಒಂದು ಹೀಟರ್ ತೆಗೊಳ್ಳಬಾರದಾ?’’ ಮನೆಯಲ್ಲಿ ಬಾಣಂತಿ ಇದ್ದರೆ ಅದು ಪ್ರಶ್ನೆಯಾಗಿ ಉಳಿಯುವುದಿಲ್ಲ, ಹುಕುಂ ಆಗುತ್ತದೆ. ಹೀಟರ್ ಇಲ್ಲವಾದರೆ ಕೋಣೆಯಲ್ಲಿ ಕೆಂಡ ಇಡಿ, ಬಾಗಿಲು ಕಿಟಕಿ ಗಟ್ಟಿಯಾಗಿ ಹಾಕಿ, ಮಗುವಿಗೆ ಶೀತ ಆಗಬಾರದು. ಹೇಳುವವರಿಗೆ ಮಗುವಿನ ಮೇಲೆ ಪ್ರೀತಿಯೇ ಇರುತ್ತದೆ. ಆದರೆ ಆ ಎರಡು ಸಲಹೆಗಳಲ್ಲಿ ಒಂದು ದುಡ್ಡು ತಿನ್ನುತ್ತದೆ, ಇನ್ನೊಂದು ಜೀವ ತಿನ್ನುತ್ತದೆ.

ತಾಳವಾಡಿ ಎಂದರೆ ನಮ್ಮವರಲ್ಲಿ ಹೆಚ್ಚಿನವರಿಗೆ ಡಾ. ರಾಜ್‌ಕುಮಾರ್ ಅವರ ಗಾಜನೂರು ಇರುವ ಜಾಗ ಎಂದಷ್ಟೇ ಗೊತ್ತು. ತಮಿಳುನಾಡಿನ ಈರೋಡ್ ಜಿಲ್ಲೆಗೆ ಸೇರಿದ್ದರೂ ಇಲ್ಲಿಯ ಮಾತು ಹೆಚ್ಚಾಗಿ ಕನ್ನಡವೇ. ಸತ್ಯಮಂಗಲದ ಕಡೆಯಿಂದ ಬಂದರೆ ಬಣ್ಣಾರಿ ದಾಟಿ ದಿಂಬಂ ಘಾಟಿಯ 27 ತಿರುವುಗಳನ್ನು ಹತ್ತಬೇಕು. ಊಟಿಯ ಹಾಗೆ ಹೆಪ್ಪುಗಟ್ಟುವ ಚಳಿ ಇಲ್ಲಿಲ್ಲ. ಆದರೆ ಜನವರಿಯ ರಾತ್ರಿಯಲ್ಲೂ 20 ಡಿಗ್ರಿ ಆಸುಪಾಸಿನಲ್ಲಿ ಫ್ಯಾನ್ ಹಾಕಿ ಮಲಗಿ ಬೆಳೆದ ನಮ್ಮಂಥವರಿಗೆ, ಸುಬಹಿಗೆ ಎದ್ದು ತಣ್ಣೀರಿನಲ್ಲಿ ವುಝೂ ಮಾಡುವಾಗ ಇದೇ ಕಾಶ್ಮೀರ.

ಚಳಿಗಿಂತ ದೊಡ್ಡ ಸಮಸ್ಯೆ ನಾವು ಕಟ್ಟುವ, ನಾವು ಇಷ್ಟಪಡುವ ಮನೆ. ಕರಾವಳಿಯ ಮನೆಯ ಇಡೀ ಬುದ್ಧಿವಂತಿಕೆ ಸೆಖೆ ಹೊರಗೆ ಹಾಕುವುದರಲ್ಲಿದೆ. ಕಿಟಕಿಯ ಮೇಲೆ ಜಾಲಿ, ಬಾಗಿಲ ಕೆಳಗೆ ಗಾಳಿಯಾಡಲು ಸಂದು, ಮೇಲೆ ಮಂಗಳೂರು ಹೆಂಚು. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಆ ಹೆಂಚು ಹೋಗದ ಊರಿಲ್ಲ. ಮಳೆ ತಡೆದು, ಹೆಂಚು ಹೆಂಚಿನ ನಡುವಿನ ಸಂದಿನಲ್ಲಿ ಬಿಸಿಗಾಳಿಯನ್ನು ಹೊರಗೆ ಬಿಡುವುದು ಅದರ ಗುಣ. ಬೆಟ್ಟದಲ್ಲಿ ಅದೇ ಗುಣ ರಾತ್ರಿಯಿಡೀ ನಮ್ಮ ಮೈಯ, ಒಲೆಯ ಬಿಸಿಯನ್ನೆಲ್ಲ ಆಕಾಶಕ್ಕೆ ಸಾಗಿಸುತ್ತದೆ. ಇನ್ನು ಗಲ್ಫ್ ದುಡ್ಡಿನ ಮನೆಯ ಹೊಳೆಯುವ ಟೈಲ್ಸ್ ಬಗ್ಗೆ ಹೇಳುವುದೇ ಬೇಡ. ಬೆಟ್ಟದಲ್ಲಿ ಅದರ ಮೇಲೆ ಚಾಪೆ ಹಾಸಿ ಮಲಗಿದವರಿಗೆ ಗೊತ್ತು.

ಈಗ ಹೀಟರ್ ಲೆಕ್ಕ. ಸಾಮಾನ್ಯ ರೂಂ ಹೀಟರ್ 2000 ವ್ಯಾಟ್‌ನದ್ದು. ಒಂದು ಗಂಟೆಗೆ 2 ಯೂನಿಟ್. ರಾತ್ರಿ ಮೂರೇ ಗಂಟೆ ಉರಿಸಿದರೂ ದಿನಕ್ಕೆ 6, ಎರಡು ತಿಂಗಳಿಗೆ 360 ಯೂನಿಟ್. ತಮಿಳುನಾಡಿನಲ್ಲಿ ಬಿಲ್ ಬರುವುದು ಎರಡು ತಿಂಗಳಿಗೊಮ್ಮೆ. 2016ರಿಂದ ಮನೆಗಳಿಗೆ ಅದರಲ್ಲಿ ಮೊದಲ 100 ಯೂನಿಟ್ ಉಚಿತ. ಆ ಉಚಿತದಲ್ಲಿ ಲೈಟು, ಫ್ಯಾನು, ಟಿವಿ ನಡೆಸುವ ಬಡ ಮನೆಗೆ ಹೀಟರ್ ಬಂದರೆ ಬಿಲ್ ಬೇರೆ ಮೆಟ್ಟಿಲಿಗೇ ಹತ್ತುತ್ತದೆ, ಏಕೆಂದರೆ ಬಳಕೆ ಏರಿದ ಹಾಗೆ ಯೂನಿಟ್ ದರವೂ ಏರುತ್ತದೆ. ಅದೂ ಅಲ್ಲದೆ 2000 ವ್ಯಾಟ್ ಎಂದರೆ ಸುಮಾರು 9 ಆಂಪಿಯರ್. ಹಳೆ ಮನೆಯ 5 ಆಂಪಿಯರ್ ಪ್ಲಗ್ಗಿಗೆ ಅಡಾಪ್ಟರ್ ಹಾಕಿ ಅದನ್ನು ಚುಚ್ಚಿದರೆ ಮೊದಲು ಬಿಸಿಯಾಗುವುದು ಕೋಣೆಯಲ್ಲ, ಗೋಡೆಯೊಳಗಿನ ವಯರು.

ಅದೇ ಎರಡು ಲೀಟರ್ ನೀರನ್ನು 20 ಡಿಗ್ರಿಯಿಂದ 70 ಡಿಗ್ರಿಗೆ ಕಾಯಿಸಲು ಬೇಕಾಗುವುದು ಒಂದು ಯೂನಿಟ್‌ನ ಎಂಟನೇ ಒಂದು ಭಾಗದಷ್ಟು. ಹೀಟರ್ ನಾಲ್ಕು ನಿಮಿಷ ಕೂಡ ಉರಿಯದ ವಿದ್ಯುತ್ತಿನಲ್ಲಿ ಮೆಡಿಕಲ್ ಅಂಗಡಿಯ ಒಂದು ರಬ್ಬರ್ ಬಿಸಿನೀರ ಚೀಲ ತುಂಬುತ್ತದೆ. ಬಟ್ಟೆ ಸುತ್ತಿ ಹಾಸಿಗೆಯೊಳಗೆ ಇಟ್ಟರೆ ಹೊದಿಕೆಯೊಳಗಿನ ಬಿಸಿ ಬಹಳ ಹೊತ್ತು ನಿಲ್ಲುತ್ತದೆ. ಇಡೀ ಕೋಣೆಯ ಗಾಳಿ ಕಾಯಿಸುವುದು ಬೇಡ, ಮನುಷ್ಯ ಮಲಗುವ ಜಾಗ ಬೆಚ್ಚಗಾದರೆ ಸಾಕು. ಮಗುವಿನ ಹಾಸಿಗೆಗಾದರೆ ಮೊದಲು ಚೀಲ ಇಟ್ಟು ಬೆಚ್ಚಗೆ ಮಾಡಿ, ಚೀಲ ತೆಗೆದು, ಕೈಯಿಂದ ಮುಟ್ಟಿ ನೋಡಿ, ಆಮೇಲೆ ಮಗುವನ್ನು ಮಲಗಿಸಬೇಕು.

ಇಲ್ಲಿಯ ಹಳಬರಿಂದ ನಾನು ಕಲಿತದ್ದು ಒಂದು ಮಾತು: ಹೊದೆಯುವುದಕ್ಕಿಂತ ಹಾಸುವುದು ಮುಖ್ಯ. ನೆಲ ಮೈಯ ಬಿಸಿಯನ್ನು ಎಳೆದುಕೊಳ್ಳುತ್ತಲೇ ಇರುತ್ತದೆ. ಮೇಲೆ ಮೂರು ಕಂಬಳಿ ಹೊದ್ದು ಕೆಳಗೆ ಒಂದು ತೆಳು ಚಾಪೆ ಇದ್ದರೆ ಬೆಳಗಿನ ಜಾವಕ್ಕೆ ಬೆನ್ನು ಮರಗಟ್ಟಿರುತ್ತದೆ. ಗೋಣಿಚೀಲದಲ್ಲಿ ಒಣ ರಾಗಿಹುಲ್ಲು ತುಂಬಿ ಹೊಲಿದು, ಅದರ ಮೇಲೆ ಚಾಪೆ, ಅದರ ಮೇಲೆ ಹಳೆ ಸೀರೆಯ ಕೌದಿ. ಹುಲ್ಲಿನೊಳಗೆ ಸಿಕ್ಕಿಬಿದ್ದ ಗಾಳಿಯೇ ಚಳಿಗೆ ಗೋಡೆ. ಹುಲ್ಲು ಒದ್ದೆಯಾಗಬಾರದು, ಆಗಾಗ ಬಿಸಿಲಿಗೆ ಹಾಕಬೇಕು, ವರ್ಷಕ್ಕೊಮ್ಮೆ ಬದಲಿಸಬೇಕು. ಇಷ್ಟೇ ಖರ್ಚು.

ಉಳಿದದ್ದು ಸಣ್ಣಪುಟ್ಟದ್ದು. ಬಾಗಿಲ ಸಂದಿಗೆ ಮರಳು ತುಂಬಿದ ಬಟ್ಟೆಯ ಉರುಳೆ. ಕಿಟಕಿಯನ್ನು ಬಿಸಿಲೇರಿದ ಮೇಲೆ ತೆರೆದು ಮಗ್ರಿಬ್‌ಗೆ ಮೊದಲೇ ಮುಚ್ಚುವುದು (ನಮ್ಮಲ್ಲಿ ಇಶಾ ಮುಗಿದು ಮಲಗುವಾಗ ಮುಚ್ಚುತ್ತಾರೆ, ಅಷ್ಟರಲ್ಲಿ ದಿನದ ಬಿಸಿ ಹೋಗಿಯಾಗಿರುತ್ತದೆ). ಒದ್ದೆ ಬಟ್ಟೆ ಮಲಗುವ ಕೋಣೆಯಲ್ಲಿ ಒಣಗಿಸದಿರುವುದು. ಹೆಂಚು ಅಥವಾ ಶೀಟಿನ ಕೆಳಗೆ, ಒಲೆಯಿಂದ ದೂರದ ಕೋಣೆಯಲ್ಲಿ, ಬಿದಿರಿನ ತಟ್ಟಿಯ ಒಂದು ಮುಚ್ಚಿಗೆ. ಸಿಮೆಂಟ್ ಶೀಟ್ ಆದರೆ ಅದಕ್ಕೆ ತೂತು ಕೊರೆಯಬೇಡಿ, ಹಳೆಯವುಗಳಲ್ಲಿ ಆಸ್ಬೆಸ್ಟಾಸ್ ಇರುತ್ತದೆ. ತಟ್ಟಿಯನ್ನು ಕೆಳಗಿನ ಮರಕ್ಕೇ ಕಟ್ಟಿಸಿ.

ಆದರೆ ಹೀಗೆ ಸಂದುಗೊಂದು ಮುಚ್ಚಿದ ಮನೆಗೇ ಕೆಂಡ ಬಂದರೆ? ನನಗೆ ನಿಜವಾಗಿ ಭಯ ಇರುವುದು ಇಲ್ಲಿ.

ಬಾಣಂತಿಯ ಮಂಚದ ಕೆಳಗೆ ಕೆಂಡ ಇಡುವ ಪದ್ಧತಿ ಹಳೆಯದು, ಬರೀ ನಮ್ಮದಲ್ಲ. ಹಳೆ ಕಾಲದ ಹೆಂಚಿನ ಮನೆಯಲ್ಲಿ ಮೇಲಿನ ಸಂದುಗಳು ಎಷ್ಟೋ ಜೀವ ಉಳಿಸಿರಬೇಕು. ಈಗಿನ ತಾರಸಿ ಮನೆಯಲ್ಲಿ ಗಾಜಿನ ಕಿಟಕಿ ಎಳೆದು, ಬಾಗಿಲ ಕೆಳಗೆ ಬಟ್ಟೆ ತುರುಕಿ, ಇದ್ದಿಲಿನ ಬಾಣಲೆ ಇಟ್ಟರೆ ಕೋಣೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ತುಂಬುತ್ತದೆ. ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ‘‘ಹೊಗೆ ನಿಂತಿದೆ, ಬರೀ ಕೆಂಡ, ಇನ್ನೇನೂ ಆಗುವುದಿಲ್ಲ’’ ಎನ್ನುವವರು ಇದನ್ನು ತಿಳಿಯಬೇಕು: ಹೊಗೆಯಿಲ್ಲದ ಕೆಂಡದಿಂದಲೂ ಈ ಅನಿಲ ಬರುತ್ತಲೇ ಇರುತ್ತದೆ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಇದನ್ನು ಹಿಡಿದುಕೊಳ್ಳುತ್ತದೆ. ತಲೆನೋವು, ವಾಕರಿಕೆ, ಮಂಪರು. ಹೆರಿಗೆಯಾಗಿ ಸುಸ್ತಾದ ಹೆಂಗಸಿಗೆ ಇವೆಲ್ಲ ಇದ್ದದ್ದೇ ಎಂದು ಮನೆಯವರು ಬಿಟ್ಟುಬಿಡುತ್ತಾರೆ. ಮಗುವಿಗಂತೂ ಹೇಳಲು ಬಾಯಿಯಿಲ್ಲ. ಇಂಥ ಲಕ್ಷಣ ಕಂಡರೆ ಮೊದಲು ಎಲ್ಲರನ್ನೂ ಹೊರಗಿನ ಗಾಳಿಗೆ ತನ್ನಿ, ಮತ್ತೆ 108ಕ್ಕೆ ಫೋನ್ ಮಾಡಿ. ದೊಡ್ಡ ಆಸ್ಪತ್ರೆಗೆ ರಾತ್ರಿ ಕಾಡಿನ ದಾರಿ ಹಿಡಿಯಬೇಕಾದ ನಮಗೆ ‘ಬೆಳಿಗ್ಗೆ ನೋಡೋಣ’ ಎಂಬ ಮಾತು ಸಲ್ಲದು.

ಮಲಗುವಾಗ ಮನೆಯಲ್ಲಿ ಉರಿಯುವ ಬೆಂಕಿ ಬಿಡಬಾರದೆಂದು ಪ್ರವಾದಿಯವರು (ಸ) ಸೂಚಿಸಿದ್ದು ಬುಖಾರಿಯಲ್ಲೂ ಮುಸ್ಲಿಂನಲ್ಲೂ ದಾಖಲಾಗಿದೆ. ಉಸ್ತಾದರು ಚಳಿಗಾಲದ ಒಂದು ಜುಮುಆದಲ್ಲಿ ಇದನ್ನು ನೆನಪಿಸಿದರೆ ನನ್ನ ಈ ಲೇಖನಕ್ಕಿಂತ ಹೆಚ್ಚು ಮನೆ ಮುಟ್ಟುತ್ತದೆ.

ಹಾಗಾದರೆ ಮಗುವಿಗೆ ಬಿಸಿ ಎಲ್ಲಿಂದ? ಉಮ್ಮನಿಂದ. 1978ರಲ್ಲಿ ಕೊಲಂಬಿಯಾದ ಬೊಗೋಟಾ ನಗರದಲ್ಲಿ, ಇನ್‌ಕ್ಯುಬೇಟರ್ ಸಾಲದೆ ಹೋದಾಗ, ಎಡ್ಗರ್ ರೇ ಎಂಬ ವೈದ್ಯರು ತೂಕ ಕಡಿಮೆಯಿದ್ದ ಶಿಶುಗಳನ್ನು ತಾಯಿಯ ಎದೆಗೆ ಚರ್ಮಕ್ಕೆ ಚರ್ಮ ತಾಗುವಂತೆ ಕಟ್ಟಿ ಬೆಚ್ಚಗಿಡುವ ಕ್ರಮ ಶುರು ಮಾಡಿದರು. ಕಾಂಗರೂ ಆರೈಕೆ ಎಂದು ನಮ್ಮ ಆಸ್ಪತ್ರೆಗಳಲ್ಲೂ ಈಗ ಹೇಳಿಕೊಡುವುದು ಅದನ್ನೇ. ತಾಯಿ ಎಚ್ಚರವಿರುವಾಗ ಎದೆಯ ಮೇಲೆ ಮಗು, ಮಗುವಿನ ತಲೆಗೆ ಟೊಪ್ಪಿ, ಇಬ್ಬರ ಮೇಲೂ ಒಂದು ಶಾಲು. ಬಾಣಂತಿಗೆ ಮಗುವನ್ನು ಕೊಡದೆ ನೆಂಟರೆಲ್ಲ ಸರದಿಯಲ್ಲಿ ಎತ್ತಿ ಆಡಿಸುವ ನಮ್ಮ ಪದ್ಧತಿಗೆ ಇದು ಸ್ವಲ್ಪ ಕಷ್ಟವೇ.

ಕಟ್ಟಿಗೆ ಪುಕ್ಕಟೆ ಸಿಗುತ್ತದಲ್ಲ, ಹೊರಗಾದರೂ ಬೆಂಕಿ ಹಾಕಿ ಕಾಯಿಸಿಕೊಳ್ಳಬಹುದಲ್ಲ ಎನ್ನುವವರಿದ್ದಾರೆ. ಸುತ್ತಲಿನ ಕಾಡು 2013ರಿಂದ ಹುಲಿ ಸಂರಕ್ಷಿತ ಪ್ರದೇಶ. ಕರುಪ್ಪನ್ ಎಂದು ಹೆಸರಾದ ಆನೆಯನ್ನು 2023ರಲ್ಲಿ ತಾಳವಾಡಿ ಬಳಿ ಹಿಡಿದು ಸಾಗಿಸುವವರೆಗೆ ರೈತರು ನಿದ್ದೆ ಮಾಡಿಲ್ಲ. ಅದೊಂದು ಹೋದರೂ ಬೇರೆ ಆನೆಗಳಿವೆ. ಮುಂಜಾವದ ಮಂಜಿನಲ್ಲಿ ಸೌದೆಗೆ ಹೋಗುವ ಹೆಂಗಸಿಗೆ ಅದು ಪುಕ್ಕಟೆ ಅಲ್ಲ.

ಇನ್ನು ನಮ್ಮ ಜಮಾಅತ್‌ಗಳಿಗೂ ಸಂಘಟನೆಗಳಿಗೂ ಒಂದು ಮಾತು. ಚಳಿಗಾಲದಲ್ಲಿ ಕಂಬಳಿ ಹಂಚುವುದು ಒಳ್ಳೆಯ ಕೆಲಸ. ಆದರೆ ಪ್ರತಿ ವರ್ಷ ಅದೇ ಮನೆಗೆ ಅದೇ ತೆಳು ಕಂಬಳಿ, ಅದೇ ಫೋಟೋ. ಆ ಮನೆಯ ಶೀಟಿನಿಂದ ಇಬ್ಬನಿ ತೊಟ್ಟಿಕ್ಕಿ ಕಂಬಳಿ ಒದ್ದೆಯಾಗುವುದನ್ನು ಫೋಟೋ ತೆಗೆದವರು ರಾತ್ರಿ ನಿಂತು ನೋಡುವುದಿಲ್ಲ. ಹತ್ತು ಮನೆಗೆ ಕಂಬಳಿ ಕೊಡುವ ಸದಕಾ ದುಡ್ಡಿನಲ್ಲಿ ಎರಡು ಮನೆಗೆ ತಟ್ಟಿಯ ಮುಚ್ಚಿಗೆಯೋ ಹಲಗೆಯ ಮಂಚವೋ ಮಾಡಿಸಿದರೆ ಆ ಎರಡು ಮನೆ ಮುಂದಿನ ವರ್ಷ ಪಟ್ಟಿಯಲ್ಲಿ ಇರುವುದಿಲ್ಲ. ಫೋಟೋಗೆ ಅಷ್ಟು ಚೆನ್ನಾಗಿ ಕಾಣುವುದಿಲ್ಲ, ಅದು ಒಪ್ಪುವ ಮಾತೇ. ಮೊದಲ ಸರದಿ ಹಸುಗೂಸು, ಬಾಣಂತಿ, ಮುದುಕರು ಇರುವ ಮನೆಗಳಿಗೆ ಇರಲಿ. ಕೆಲಸ ನವೆಂಬರ್‌ನಲ್ಲೇ ಶುರುವಾಗಲಿ. ಆಗ ರಾಗಿ ಕೊಯ್ಲಿನ ಹೊತ್ತು, ಹೊಸ ಹುಲ್ಲು ಸಿಗುತ್ತದೆ. ಜನವರಿಗೆ ಕೇಳಿದರೆ ದನಕ್ಕೇ ಸಾಲದು ಎನ್ನುತ್ತಾರೆ.